ತೂಕ ಅಷ್ಟೇ ಇದೆ, ಸ್ನಾಯು ಎಲ್ಲಿ ಹೋಯಿತು?

ಬಿ.ಸಿ. ರೋಡಿನ ಕ್ಲಿನಿಕ್ಕಾಗಲಿ, ಬೆಳ್ತಂಗಡಿಯ ಸರಕಾರಿ ಆಸ್ಪತ್ರೆಯಾಗಲಿ, ಎಪ್ಪತ್ತು ದಾಟಿದವರು ತೂಕದ ಯಂತ್ರದಿಂದ ಇಳಿಯುತ್ತಾ ಹೇಳುವ ಮಾತೊಂದಿದೆ: "ಇಪ್ಪತ್ತು ವರ್ಷದಿಂದ ಐವತ್ತೈದೇ ಕಿಲೋ. ನಮ್ಮದು ಸಪೂರ ಮೈ, ಅಪ್ಪನೂ ಹಾಗೇ ಇದ್ದರು." ಹೇಳುವ ದನಿಯಲ್ಲಿ ಸಣ್ಣ ಹೆಮ್ಮೆಯೂ ಇರುತ್ತದೆ. ಯಂತ್ರ ಸುಳ್ಳು ಹೇಳಿಲ್ಲ, ಆದರೆ ಅದಕ್ಕೆ ಗೊತ್ತಿರುವುದು ಮೊತ್ತ ಮಾತ್ರ. ಆ ಐವತ್ತೈದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಮೂಳೆ ಎಷ್ಟು ಎಂಬ ಒಳಲೆಕ್ಕ ಅದರ ಬಳಿ ಇಲ್ಲ. ಕೈಕಾಲುಗಳಿಂದ ನಾಲ್ಕು ಕಿಲೋ ಸ್ನಾಯು ಕರಗಿ, ಹೊಟ್ಟೆಯೊಳಗೆ ನಾಲ್ಕು ಕಿಲೋ ಕೊಬ್ಬು ಸೇರಿಕೊಂಡರೂ ಮುಳ್ಳು ಅಲ್ಲೇ ನಿಂತಿರುತ್ತದೆ.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಸ್ನಾಯು ಕಡಿಮೆಯಾಗುತ್ತದೆ, ಅರವತ್ತರ ನಂತರ ಇನ್ನೂ ವೇಗವಾಗಿ. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಇದಕ್ಕೆ ಸಾರ್ಕೊಪೀನಿಯಾ ಎಂದು ಹೆಸರಿಡುವವರೆಗೆ ವೈದ್ಯರೂ ಇದನ್ನು ವಯಸ್ಸಿನ ಸಹಜ ಗುಣವೆಂದು ಬಿಟ್ಟುಬಿಡುತ್ತಿದ್ದರು. ಎಲ್ಲ ಸ್ನಾಯುವೂ ಒಂದೇ ಸಮನೆ ಹೋಗುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ನಮ್ಮ ಸ್ನಾಯುಗಳಲ್ಲಿ ನಿಧಾನದ ಎಳೆಗಳೂ ವೇಗದ ಎಳೆಗಳೂ ಇವೆ. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶಕ್ಕೆಲ್ಲ ಸುದ್ದಿಯಾದರಲ್ಲ, ಅಂಥ ಓಟ ಓಡಿಸುವುದು ವೇಗದ ಎಳೆಗಳು. (ಕೋಣಗಳ ಪಾಲನ್ನೂ ಮರೆಯಬಾರದು.) ವಯಸ್ಸಾದಂತೆ ಮೊದಲು ಸೊರಗುವವೂ ಅವೇ. ಅಜ್ಜನಿಗೆ ಕಂಬಳದ ಓಟ ಬೇಕಿಲ್ಲ ನಿಜ. ಆದರೆ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಕಾಲು ಜಾರಿದಾಗ, ಬೀಳುವ ಮೊದಲೇ ಇನ್ನೊಂದು ಕಾಲನ್ನು ಫಕ್ಕನೆ ಮುಂದಿಟ್ಟು ಮೈಯನ್ನು ತಡೆಯಬೇಕಾದದ್ದು ಅವೇ ಎಳೆಗಳು. ಅವು ಕೈಕೊಟ್ಟರೆ ಸೊಂಟದ ಮೂಳೆ ಮುರಿಯುತ್ತದೆ.

ಈ ಮೈಕಟ್ಟಿನಲ್ಲಿ ಅಪ್ಪನ ಪಾಲು ಎಷ್ಟು? ಕಡಿಮೆಯೇನಿಲ್ಲ. ಚಿಕ್ಕಂದಿನಲ್ಲೇ ಬೇರೆಯಾಗಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಆಲ್ಬರ್ಟ್ ಸ್ಟಂಕಾರ್ಡ್ ತಂಡ 1990ರಲ್ಲಿ ಹೋಲಿಸಿ ನೋಡಿತು. ಎತ್ತರಕ್ಕೆ ತಕ್ಕ ತೂಕದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಮೂರನೇ ಎರಡು ಭಾಗ ಜೀನುಗಳದ್ದೆಂದು ಅದು ಲೆಕ್ಕ ಹಾಕಿತು. 2007ರಲ್ಲಿ ಎಫ್‌ಟಿಒ ಎಂಬ ಜೀನ್ ಸಿಕ್ಕಿತು. ಅದರ ಒಂದು ರೂಪ ತಾಯಿ ತಂದೆ ಇಬ್ಬರಿಂದಲೂ ಬಂದಿದ್ದರೆ ತೂಕ ಸರಾಸರಿ ಮೂರು ಕಿಲೋ ಹೆಚ್ಚು. ಎಸಿಟಿಎನ್3 ಎಂಬ ಇನ್ನೊಂದು ಜೀನ್ ವೇಗದ ಎಳೆಗಳಿಗೆ ಬೇಕಾದ ಪ್ರೊಟೀನೊಂದನ್ನು ಮಾಡಿಕೊಡುತ್ತದೆ. ಜಗತ್ತಿನಲ್ಲಿ ಹೆಚ್ಚುಕಡಿಮೆ ಐದರಲ್ಲೊಬ್ಬರಿಗೆ ಆ ಪ್ರೊಟೀನ್ ಹುಟ್ಟಿನಿಂದಲೇ ಇಲ್ಲ, ಆದರೂ ಅವರು ಆರೋಗ್ಯವಾಗಿಯೇ ಇರುತ್ತಾರೆ.

ಇಷ್ಟಕ್ಕೇ ಜಾತಕ ಬರೆದಾಯಿತು ಎಂದುಕೊಳ್ಳುವವರು 2015ರ ಒಂದು ಶೋಧವನ್ನು ಗಮನಿಸಬೇಕು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಕುಟುಂಬಗಳ ಆರೋಗ್ಯವನ್ನು ತಲೆಮಾರುಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ಅದೇ ಎಫ್‌ಟಿಒ ಜೀನನ್ನು ಅಲ್ಲಿ ಹುಟ್ಟಿದ ಇಸವಿಯ ಪ್ರಕಾರ ವಿಂಗಡಿಸಿ ನೋಡಿದರೆ, 1942ಕ್ಕಿಂತ ಮೊದಲು ಹುಟ್ಟಿದವರಲ್ಲಿ ಆ ಜೀನಿಗೂ ತೂಕಕ್ಕೂ ಸಂಬಂಧವೇ ಕಾಣಲಿಲ್ಲ. ಆಮೇಲೆ ಹುಟ್ಟಿದವರಲ್ಲಿ ಸಂಬಂಧ ಎದ್ದು ಕಂಡಿತು. ಜೀನ್ ಬದಲಾಗಿರಲಿಲ್ಲ. ತಟ್ಟೆಯಲ್ಲಿದ್ದದ್ದು, ಮಾಡುವ ಕೆಲಸ ಬದಲಾಗಿದ್ದವು. ಗದ್ದೆ ಹೋಗಿ ಅಡಿಕೆ ತೋಟ, ರಬ್ಬರ್ ಬಂದ, ಮಂಡಿಯೂರಿ ಏಳುವ ಕೆಲಸ ಕಡಿಮೆಯಾಗಿ ಕುಳಿತು ಬೀಡಿ ಕಟ್ಟುವ ಕೆಲಸ ಹೆಚ್ಚಾದ ನಮ್ಮ ಊರುಗಳಿಗೆ ಈ ಶೋಧ ದೂರದ ಸುದ್ದಿಯೇನಲ್ಲ.

ಇನ್ನು "ಸಪೂರ ಮೈ" ಎಂಬ ಹೆಮ್ಮೆಯ ವಿಚಾರ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಹಾಕಿಕೊಂಡರು. ಎತ್ತರ ತೂಕದ ಲೆಕ್ಕದಲ್ಲಿ (ಬಿಎಂಐ) ಇಬ್ಬರದೂ 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ನೋಟಕ್ಕೆ ತೆಳ್ಳಗೆ, ಒಳಗೆ ಕೊಬ್ಬು: ನಮ್ಮವರ ಮೈಕಟ್ಟು ಇದು. ಹುಟ್ಟುವಾಗಲೇ ಹೀಗೆ. ಪುಣೆ ಸುತ್ತಲ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನವುಗಳದ್ದು 3.5. ಆ ವ್ಯತ್ಯಾಸದಲ್ಲಿ ಹೆಚ್ಚು ನಷ್ಟವಾದದ್ದು ಸ್ನಾಯುವಿಗೆ, ಚರ್ಮದಡಿಯ ಕೊಬ್ಬು ಹೆಚ್ಚುಕಡಿಮೆ ಉಳಿದುಕೊಂಡಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಅಳೆದ ಶಿಶುಗಳದ್ದೂ ಅದೇ ಕಥೆ.

ಆ ಆಸ್ಪತ್ರೆಯಲ್ಲಿ ಇನ್ನೊಂದು ನಿಧಿಯೂ ಇತ್ತು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳು ಹಾಳಾಗದೆ ಉಳಿದಿದ್ದವು. ಸಂಶೋಧಕರು ಆ ಮಕ್ಕಳಲ್ಲಿ 517 ಮಂದಿಯನ್ನು ನಡುವಯಸ್ಸಿನಲ್ಲಿ ಪತ್ತೆ ಮಾಡಿ ಪರೀಕ್ಷಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, ಸುಮಾರು 3.2 ಕಿಲೋ ಮೀರಿ ಹುಟ್ಟಿದವರಲ್ಲಿ 3 ಮಂದಿಗೆ ಮಾತ್ರ. 1996ರಲ್ಲಿ ಪ್ರಕಟವಾದ ಲೆಕ್ಕ ಇದು. ಎಂದರೆ ನಾವು ವಂಶದ ಗುಣ ಎನ್ನುವುದರಲ್ಲಿ ಒಂದು ಪಾಲು ಜೀನಿನದ್ದಲ್ಲ, ಬಸಿರಿನಲ್ಲಿದ್ದಾಗ ತಾಯಿಗೆ ಸಿಕ್ಕಿದ ಊಟದ್ದು. ಇಂದು ಎಪ್ಪತ್ತರ ಆಚೆಗಿರುವ ನಮ್ಮ ಹಿರಿಯರ ತಾಯಂದಿರು ಮಳೆಗಾಲದ ಆಟಿ ತಿಂಗಳಲ್ಲಿ ಅಕ್ಕಿ ಮುಗಿದು ಕೆಸು, ತಜಂಕ್ ಸೊಪ್ಪು, ಬಿದಿರಿನ ಕಣಿಲೆ, ಹಲಸಿನ ಬೀಜದಲ್ಲಿ ಹೊಟ್ಟೆ ತುಂಬಿಸಿದವರು. "ಆಟಿಡೊಂಜಿ ದಿನ" ಎಂದು ಸಭಾಂಗಣಗಳಲ್ಲಿ ನಾವೀಗ ರುಚಿ ನೋಡುವ ಪದಾರ್ಥಗಳು ಅಂದು ಹಬ್ಬದ ಅಡುಗೆಯಾಗಿರಲಿಲ್ಲ.

ಜೀನು, ಬಸಿರು ಎರಡೂ ಆಗಿಹೋದ ಮಾತು. ಕೈಯಲ್ಲಿ ಉಳಿದಿರುವುದು ಇವತ್ತಿನ ಊಟ. ಹಲ್ಲು ಬಿದ್ದ ಮೇಲೆ ಮೀನಿನ ಮುಳ್ಳು ಬೇಡ, ಬೇಳೆ ವಾಯು ಎಂದು ಒಂದೊಂದೇ ಬಿಟ್ಟು ಹಿರಿಯರು ಕೊನೆಗೆ ಬಂದು ನಿಲ್ಲುವುದು ಗಂಜಿ, ಉಪ್ಪಿನಕಾಯಿಗೆ. ಕುಚಲಕ್ಕಿ ಗಂಜಿ ಕೆಟ್ಟದ್ದಲ್ಲ. ಭತ್ತವನ್ನು ಬೇಯಿಸುವಾಗ ತೌಡಿನಲ್ಲಿರುವ ಬಿ ವಿಟಮಿನ್ ಕಾಳಿನೊಳಗೆ ಇಳಿಯುತ್ತದೆ, ಬೆಳ್ತಿಗೆ ಅಕ್ಕಿಗಿಂತ ಅದು ಲೇಸು. ಕೊರತೆ ಇರುವುದು ಪ್ರೊಟೀನಿನಲ್ಲಿ. ಐವತ್ತು ಕಿಲೋ ತೂಕದ ಅಜ್ಜಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೊಟೀನ್ ಬೇಕೆಂದು ಹಿರಿಯರ ಆಹಾರ ತಜ್ಞರು ಹೇಳುತ್ತಾರೆ. ಮುದಿ ಸ್ನಾಯು ಸ್ವಲ್ಪ ಪ್ರೊಟೀನಿಗೆಲ್ಲ ಓಗೊಡುವುದಿಲ್ಲವಾದ್ದರಿಂದ ಹರೆಯದವರಿಗಿಂತ ಅವರಿಗೆ ಹೆಚ್ಚು ಬೇಕು. ಕಾಲು ಕಿಲೋ ಅಕ್ಕಿ ಉಂಡರೂ ಸಿಗುವುದು ಸುಮಾರು 20 ಗ್ರಾಂ, ಅದರಲ್ಲೂ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಈ ಲೈಸಿನ್ ವಿಷಯದಲ್ಲಿ ಬೆಂಗಳೂರಿಗೊಂದು ಹೆಗ್ಗಳಿಕೆ ಇದೆ. ದಿನಕ್ಕೆ ಕಿಲೋ ತೂಕಕ್ಕೆ 12 ಮಿಲಿಗ್ರಾಂ ಸಾಕು ಎಂದು ವಿಶ್ವಸಂಸ್ಥೆಯ ತಜ್ಞರು 1985ರಲ್ಲಿ ಹೇಳಿದ್ದರು. ಸೇಂಟ್ ಜಾನ್ಸ್ ಸಂಸ್ಥೆಯ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರನ್ನೇ ಪರೀಕ್ಷಿಸಿ 30 ಬೇಕೆಂದು ತೋರಿಸಿದರು. 2007ರಲ್ಲಿ ಜಗತ್ತಿನ ಪ್ರಮಾಣವೂ 30 ಆಯಿತು.

ಆ ಲೈಸಿನ್ ಧಾರಾಳವಾಗಿರುವುದು ಹುರುಳಿಯಲ್ಲಿ, ತುಳುವರ ಕುಡುವಿನಲ್ಲಿ. ನೂರು ಗ್ರಾಂ ಒಣ ಹುರುಳಿಯಲ್ಲಿ 22 ಗ್ರಾಂ ಪ್ರೊಟೀನ್. ಆದರೆ ಕಟ್ಟು ಬಸಿದು ಸಾರು ಮಾಡಿ ಕಾಳನ್ನು ಬೇರೆಯವರಿಗೆ ಬಿಟ್ಟರೆ ಪ್ರಯೋಜನವಿಲ್ಲ, ಕಾಳು ಹೊಟ್ಟೆಗೆ ಹೋಗಬೇಕು. ಅಗಿಯಲಾಗದಿದ್ದರೆ ನುಣ್ಣಗೆ ಅರೆಯಿರಿ. ಒಂದು ಬಂಗುಡೆಯಿಂದ ಇಪ್ಪತ್ತು ಗ್ರಾಂ ಹತ್ತಿರ, ಮೊಟ್ಟೆಯಿಂದ ಆರು. ಜೂನ್ ಜುಲೈಯಲ್ಲಿ ಟ್ರಾಲಿಂಗ್ ನಿಷೇಧದಿಂದ ಹಸಿಮೀನು ವಿರಳ, ಒಣಮೀನಿನ ಉಪ್ಪು ರಕ್ತದೊತ್ತಡದವರಿಗೆ ಆಗದು. ಆಗಲೂ, ಮೀನು ಮೊಟ್ಟೆ ಮುಟ್ಟದ ಮೂಡುಬಿದಿರೆಯ ಜೈನ ಮನೆಗಳಲ್ಲೂ, ಹುರುಳಿ, ಹೆಸರು, ಮೊಸರೇ ಗತಿ, ಮತ್ತು ಅಷ್ಟು ಸಾಕು.

ಹಾಗೆಂದು ಬಡಿಸಿದ್ದೆಲ್ಲ ತಾನಾಗಿ ಸ್ನಾಯುವಾಗದು. 1994ರಲ್ಲಿ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ನೂರು ಮಂದಿ ವೃದ್ಧರನ್ನು ಪರೀಕ್ಷಿಸಿದರು. ಅವರ ಸರಾಸರಿ ವಯಸ್ಸು 87. ಕಾಲಿಗೆ ಭಾರದ ವ್ಯಾಯಾಮ ಮಾಡಿದವರ ಬಲ ಇಮ್ಮಡಿಗೂ ಹೆಚ್ಚಾಯಿತು, ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಏನೂ ಆಗಲಿಲ್ಲ. ಪ್ರೊಟೀನ್ ಪುಡಿಯ ಡಬ್ಬಿಗೆ ಸಾವಿರಗಟ್ಟಲೆ ಕೊಡುವ ಮಕ್ಕಳು ಇದನ್ನು ಓದಬೇಕು. ಜೀನ್ ಪರೀಕ್ಷೆ ಮಾಡಿಸಿ ಊಟ ಹೇಳಿಕೊಡುತ್ತೇವೆ ಎನ್ನುವ ಜಾಹೀರಾತುಗಳಿಗೂ ನಾನು ಹಣ ಹಾಕುವುದಿಲ್ಲ. ಅದರ ವರದಿ ಏನೇ ಹೇಳಲಿ, ಮಾಡಬೇಕಾದ್ದು ಎರಡೇ: ಪ್ರೊಟೀನ್ ಇರುವ ಊಟ, ಕಾಲಿಗೆ ಭಾರದ ವ್ಯಾಯಾಮ.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಗೋಡೆಗೆ ತಾಗಿಸಿಟ್ಟ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ, ನೀವು ಪಕ್ಕದಲ್ಲೇ ನಿಂತಿರಿ. ಹನ್ನೆರಡು ಸೆಕೆಂಡು ಅಥವಾ ಹೆಚ್ಚು ಹಿಡಿದರೆ, ಇಲ್ಲವೇ ಮೀನಖಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಮುಂದಿನ ಸಲ ಡಾಕ್ಟರರ ಬಳಿ ಹೋದಾಗ ತೂಕದ ಜೊತೆ ಇದನ್ನೂ ಹೇಳಿ. ಮೂತ್ರಪಿಂಡದ ತೊಂದರೆ ಇರುವವರು ಪ್ರೊಟೀನ್ ಹೆಚ್ಚಿಸುವ ಮುನ್ನ ಡಾಕ್ಟರರನ್ನು ಕೇಳಲೇಬೇಕು. ಉಳಿದವರು ಇವತ್ತು ರಾತ್ರಿಯ ಗಂಜಿಗೇ ಹುರುಳಿ ಬೇಯಲು ಹಾಕಬಹುದು.