ಊರ ಗಾಯರಾಣ ಯಾರದು?

ನಮ್ಮ ಹಿರಿಯರು ಊರು ಕಟ್ಟುವಾಗ ಮೊದಲು ನೀರಿನ ಆಸರೆ ನೋಡಿದರು, ಅನಂತರ ದನ ಮೇಯುವ ನೆಲ ನೋಡಿದರು. ಹೊಲಗಳು ಒಬ್ಬೊಬ್ಬರ ಪಾಲಿಗೆ ಹಂಚಿಹೋದವು. ಕೆರೆ, ಬಾವಿ, ಗುಡಿ, ಮಠ, ಹುಲ್ಲುಗಾವಲುಗಳು ಮಾತ್ರ ಎಲ್ಲರವಾಗಿಯೇ ಉಳಿದವು. ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಗಾಯರಾಣವೆಂದೂ ಹಳೆಯ ಮೈಸೂರು ಸೀಮೆಯಲ್ಲಿ ಗೋಮಾಳವೆಂದೂ ಕರೆಯಿಸಿಕೊಳ್ಳುವ ಈ ನೆಲಕ್ಕೆ ಸರಕಾರದ ದಫ್ತರಿನಲ್ಲಿ ಒಂದು ಸರ್ವೆ ನಂಬರು ಉಂಟು. ಆದರೆ ಊರಿನ ಬಾಳುವೆಯಲ್ಲಿ ಅದಕ್ಕಿರುವ ಬೆಲೆ ಯಾವ ದಫ್ತರಿನಲ್ಲಿಯೂ ದಾಖಲಾಗಿಲ್ಲ.

ಹೊಲವಿಲ್ಲದ ತಾಯಿಯೊಬ್ಬಳು ಎರಡು ಆಡು ಸಾಕಿ ಮಕ್ಕಳನ್ನು ಶಾಲೆಗೆ ಕಳಿಸುವುದು ಈ ನೆಲದ ಬಲದಿಂದ. ಒಲೆಗೆ ಕಟ್ಟಿಗೆ, ಎತ್ತಿಗೆ ಹುಲ್ಲು, ಕುಂಟೆ-ಕೂರಿಗೆಗಳಿಗೆ ಜಾಲಿಯ ತುಂಡು, ಊಟದ ಪಂಕ್ತಿಗೆ ಮುತ್ತಲದ ಎಲೆ, ಬಾಣಂತಿಯ ಮದ್ದಿಗೆ ನಾರು-ಬೇರು, ಇವೆಲ್ಲವೂ ಬರುವುದು ಅಲ್ಲಿಂದಲೇ. ಗುಡ್ಡದ ಮೇಲೆ ಹಸಿರಿದ್ದರೆ ಮಳೆಯ ನೀರು ನಿಧಾನವಾಗಿ ಇಳಿದು ಬಾವಿ ಸೇರುತ್ತದೆ. ಗುಡ್ಡ ಬೋಳಾದರೆ ಅದೇ ನೀರು ಹೊಲದ ಮಣ್ಣನ್ನು ಹೊತ್ತು ಕೆರೆಯನ್ನು ತುಂಬುತ್ತದೆ. ಹೀಗಾಗಿ ಗಾಯರಾಣದ ಸಂಗತಿಯು ಬಡವರ ಸಂಗತಿ ಮಾತ್ರವಲ್ಲ, ಹೊಲವುಳ್ಳ ನಮ್ಮೆಲ್ಲರ ಸಂಗತಿಯೂ ಹೌದು. ಈ ಮಾತನ್ನು ನಾಡಿಗೆ ಮೊದಲು ಗಟ್ಟಿಯಾಗಿ ಹೇಳಿದವರು ಹಾನಗಲ್ಲ ತಾಲೂಕಿನ ಒಂದು ಸಾಧಾರಣ ಹಳ್ಳಿಯವರೆಂಬುದನ್ನು ಇಂದಿನ ತರುಣರಿಗೆ ತಿಳಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ಕುಸನೂರಿನ ಸತ್ಯಾಗ್ರಹ

1984ನೆಯ ಇಸವಿಯಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಅದರಲ್ಲಿ ಶೇಕಡಾ 51ರಷ್ಟು ಪಾಲು ಸರಕಾರದ ಅರಣ್ಯ ಅಭಿವೃದ್ಧಿ ನಿಗಮದ್ದು, 49ರಷ್ಟು ಪಾಲು ಹರಿಹರ ಪಾಲಿಫೈಬರ್ಸ್ ಸಂಸ್ಥೆಯದು. ನೂಲಿನ ಕಾರ್ಖಾನೆಗೆ ಬೇಕಾದ ತಿರುಳಿಗಾಗಿ ನೀಲಗಿರಿಯಂಥ ಮರಗಳನ್ನು ಬೆಳೆಯುವುದು ಅದರ ಉದ್ದೇಶ. ಇದಕ್ಕಾಗಿ ಧಾರವಾಡವೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರಿನಷ್ಟು, ಎಂದರೆ 75,000 ಎಕರೆಯಷ್ಟು ಭೂಮಿಯನ್ನು ಗೊತ್ತುಮಾಡಲಾಯಿತು. ಕಾಗದದಲ್ಲಿ ಇದನ್ನು ಸಿ ಮತ್ತು ಡಿ ವರ್ಗದ ಭೂಮಿ ಎಂದು ಬರೆಯಲಾಗಿತ್ತು, ಅರ್ಥಾತ್ ಮರಗಿಡ ಕಡಿಮೆಯಾದ ಪಾಳು ಭೂಮಿ. ದಫ್ತರಿನ ಕಣ್ಣಿಗೆ ಪಾಳಾಗಿ ಕಂಡ ಆ ನೆಲದಲ್ಲಿಯೇ ನೂರಾರು ಹಳ್ಳಿಗಳ ದನಕರುಗಳು ಮೇಯುತ್ತಿದ್ದವು.

ನೀಲಗಿರಿಯು ಬೇಗ ಬೆಳೆಯುವ ಮರ. ಆದರೆ ಅದರ ಎಲೆಯನ್ನು ದನ ಮೂಸುವುದಿಲ್ಲ, ಅದರ ನೆರಳಿನಲ್ಲಿ ಹುಲ್ಲು ಹುಲುಸಾಗುವುದಿಲ್ಲ, ಅದರಲ್ಲಿ ಹಕ್ಕಿಗೂ ಹುಡುಗರಿಗೂ ತಿನ್ನುವ ಹಣ್ಣಿಲ್ಲ. ಊರಿನ ಎಲ್ಲರದಾಗಿದ್ದ ನೆಲದಲ್ಲಿ ಊರಿನ ಯಾರಿಗೂ ಉಪಯೋಗವಾಗದ ಬೆಳೆ ನಿಂತಿತು. ಹಳ್ಳಿಗರನ್ನು ಒಂದು ಮಾತನ್ನೂ ಕೇಳಿರಲಿಲ್ಲ ಎಂಬುದೇ ಎಲ್ಲಕ್ಕಿಂತ ಹೆಚ್ಚಿನ ನೋವಾಗಿತ್ತು.

ಶ್ರೀ ಎಸ್.ಆರ್. ಹಿರೇಮಠ ಅವರ ಮುಂದಾಳುತನದ ಸಮಾಜ ಪರಿವರ್ತನ ಸಮುದಾಯವು ಈ ಕಾರ್ಯವನ್ನು ಕೈಗೆತ್ತಿಕೊಂಡಿತು. ಹಿರಿಯ ಸಾಹಿತಿಗಳಾದ ಡಾ. ಶಿವರಾಮ ಕಾರಂತರೂ ಜೊತೆಗೂಡಿದರು. ಅವರೆಲ್ಲರೂ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತದ ಅರ್ಜಿ ಸಲ್ಲಿಸಿದರು. 1987ರ ಮಾರ್ಚ್ ತಿಂಗಳಲ್ಲಿ ನ್ಯಾಯಾಲಯದಿಂದ ತಡೆಯಾಜ್ಞೆಯೂ ದೊರೆಯಿತು. ಆದರೆ ಕೋರ್ಟಿನ ಕಾಗದವೊಂದನ್ನೇ ನಂಬಿ ಕುಳಿತರೆ ಸಾಲದೆಂದು ಹಳ್ಳಿಗರು ಬಗೆದರು.

ಅದೇ ವರ್ಷದ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸಸಿ ನೆಡುವುದಕ್ಕೆ ಧಾರವಾಡ ಸೀಮೆಯವರು ‘ಹಚ್ಚುವುದು’ ಎನ್ನುತ್ತಾರೆ. ಸುಮಾರು 2000 ಜನ ಸೇರಿದರು. ಸಾಂಕೇತಿಕವಾಗಿ ನೂರರಷ್ಟು ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವುಗಳ ಉಪಯುಕ್ತ ಸಸಿಗಳನ್ನು ಹಚ್ಚಿದರು. ಪೋಲೀಸರು ಬಂಧಿಸಿದಾಗ ಶಾಂತರಾಗಿಯೇ ನಡೆದರು. ಈ ಸತ್ಯಾಗ್ರಹದ ಹೆಸರಿನ ಎರಡನೆಯ ಪದವನ್ನು ನಾವು ವಿಶೇಷವಾಗಿ ಗಮನಿಸಬೇಕು. ಕೀಳುವುದು ಸಿಟ್ಟಿನ ಕೆಲಸ, ಹಚ್ಚುವುದು ಹೊಣೆಯ ಕೆಲಸ. ಬೇಡವೆಂದು ಹೇಳುವವನು ಏನು ಬೇಕೆಂಬುದನ್ನೂ ಕೈಯಾರೆ ಮಾಡಿ ತೋರಿಸಬೇಕೆಂಬ ತಿಳಿವಳಿಕೆ ಅದರಲ್ಲಿತ್ತು.

1990ರ ಅಕ್ಟೋಬರಿನಲ್ಲಿ ಸರಕಾರವು ಈ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಅಂದು ಕುಸನೂರಿನವರು ಎತ್ತಿದ ತಕರಾರನ್ನು ಕಾಲವೂ ಒಪ್ಪಿತೆನ್ನಬೇಕು. 2017ರಲ್ಲಿ ರಾಜ್ಯ ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ಹಳಕಾರದ ಪಾಠ

ಕಂಪನಿ ಹೋಯಿತು, ನೆಲ ಉಳಿಯಿತು. ಆದರೆ ಉಳಿದ ನೆಲವನ್ನು ಕಾಯುವವರಾರು? ಇದಕ್ಕೆ ಉತ್ತರ ಹುಡುಕಲು ನಾವು ಘಟ್ಟವಿಳಿದು ಕುಮಟಾ ತಾಲೂಕಿನ ಹಳಕಾರಕ್ಕೆ ಹೋಗಬೇಕು. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದ ರೈತರು ಕಾಡಿನ ಕಾನೂನುಗಳಿಂದ ಬಹಳ ಬವಣೆಪಟ್ಟರು. ಅವರ ಕೂಗಿಗೆ ಓಗೊಟ್ಟು 1920ರ ದಶಕದಿಂದ ಈಚೆಗೆ ಕೆಲವು ಊರುಗಳಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳನ್ನು ರಚಿಸಲಾಯಿತು. ಹಳಕಾರ, ಕಲ್ಲಬ್ಬೆ, ಹೊಸಾಡಗಳು ಹೀಗೆ ತಮ್ಮ ಕಾಡನ್ನು ತಾವೇ ಆಳಿಕೊಂಡ ಊರುಗಳು.

ಅಲ್ಲಿಯ ಕ್ರಮ ಸರಳವಾದುದು. ಊರವರೇ ಆರಿಸಿದ ಸಮಿತಿ, ಊರವರ ವಂತಿಗೆಯಿಂದಲೇ ಸಂಬಳ ಪಡೆಯುವ ಕಾವಲುಗಾರ, ಉದುರಿದ ತರಗೆಲೆ ಮತ್ತು ಒಣಗಿದ ಕಟ್ಟಿಗೆಗೆ ಅನುಮತಿ, ಹಸಿಮರಕ್ಕೆ ಕೊಡಲಿ ಹಾಕಿದವನಿಗೆ ದಂಡ. ದಂಡ ಹಾಕುವವರೂ ತೆರುವವನೂ ಮರುದಿನ ಒಂದೇ ದಾರಿಯಲ್ಲಿ ಎದುರಾಗುವವರು. ಆದ್ದರಿಂದ ಸರಕಾರದ ಪಹರೆಗೆ ಹೆದರದವನೂ ಊರಿನ ಮಾತಿಗೆ ಅಂಜುತ್ತಾನೆ. 1979ರಲ್ಲಿ ಸರಕಾರವು ಈ ಪಂಚಾಯತಿಗಳನ್ನು ವಿಸರ್ಜಿಸಲು ಹೊರಟಾಗ ಹಳಕಾರದವರು ನ್ಯಾಯಾಲಯದ ಮೊರೆಹೊಕ್ಕು ತಮ್ಮದನ್ನು ಉಳಿಸಿಕೊಂಡರು. ಪೇಟೆಯ ಮಗ್ಗುಲಲ್ಲಿದ್ದರೂ ಆ ಊರಿನ ಕಾಡು ಹಸಿರಾಗಿಯೇ ಉಳಿಯಿತು.

ಕಾಯಿದೆಯ ದಾರಿ

ಸರಕಾರವೂ ಕಾಲಕ್ರಮದಲ್ಲಿ ಈ ಪಾಠವನ್ನು ಕಲಿಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಕಾಡಿನ ಉತ್ಪನ್ನಗಳ ಮೇಲೆ ಮೊದಲ ಹಕ್ಕು ಕಾರ್ಖಾನೆಗಳದಲ್ಲ, ಕಾಡಿನಲ್ಲಿ ಮತ್ತು ಕಾಡಿನಂಚಿನಲ್ಲಿ ಬಾಳುವ ಜನರದೆಂದು ಸಾರಿತು. 1990ರ ಜೂನಿನಲ್ಲಿ ಕೇಂದ್ರವು ಕಾಡು ಬೆಳೆಸುವಲ್ಲಿ ಹಳ್ಳಿಗರನ್ನು ಜೊತೆಗೂಡಿಸಿಕೊಳ್ಳಲು ರಾಜ್ಯಗಳಿಗೆ ಸೂಚಿಸಿತು. ಅದರಂತೆ 1993ರಲ್ಲಿ ನಮ್ಮ ರಾಜ್ಯವೂ ಆದೇಶ ಹೊರಡಿಸಿ ಗ್ರಾಮ ಅರಣ್ಯ ಸಮಿತಿಗಳನ್ನು ರಚಿಸಿತು. ಈ ಸಮಿತಿಗಳಲ್ಲಿ ಅಧ್ಯಕ್ಷನು ಊರಿನವನು, ಕಾರ್ಯದರ್ಶಿ ಅರಣ್ಯ ಇಲಾಖೆಯವನು. ಊರು ಎಚ್ಚತ್ತಲ್ಲಿ ಸಮಿತಿ ಬಾಳಿತು. ಊರು ಮಲಗಿದಲ್ಲಿ ಸಮಿತಿಯು ಕಾರ್ಯದರ್ಶಿಯ ಚೀಲದೊಳಗಿನ ಒಂದು ವಹಿಯಾಗಿ ಉಳಿಯಿತು.

2006ರ ಅರಣ್ಯ ಹಕ್ಕು ಕಾಯಿದೆ ಇನ್ನೂ ಮುಂದೆ ಹೋಗಿದೆ. ತಾವು ಪರಂಪರೆಯಿಂದ ಕಾಪಾಡಿಕೊಂಡು ಬಂದ ಕಾಡನ್ನು ರಕ್ಷಿಸುವ, ಪುನಃ ಬೆಳೆಸುವ, ನಿರ್ವಹಿಸುವ ಹಕ್ಕನ್ನು ಅದು ಕಾಡಿನ ಸಮುದಾಯಕ್ಕೆ ಕೊಟ್ಟಿದೆ. ಇದನ್ನು ನಡೆಸುವ ಸ್ಥಾನ ಗ್ರಾಮಸಭೆಯದು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ಸಾಮುದಾಯಿಕ ಹಕ್ಕನ್ನು ಪಡೆದು ಜೇನು, ನೆಲ್ಲಿ ಮೊದಲಾದವನ್ನು ನ್ಯಾಯವಾಗಿ ಸಂಗ್ರಹಿಸುವಂತಾದರು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ಸಿದ್ಧಪಡಿಸಿ ತೋರಿಸಬೇಕಾಗಿರುವುದರಿಂದ ಬಯಲುಸೀಮೆಯ ಮತ್ತು ಮಲೆನಾಡಿನ ಅನೇಕ ಬಡ ರೈತರಿಗೆ ಈ ಬಾಗಿಲು ತೆರೆಯುವುದು ಕಷ್ಟವಾಗಿದೆ.

ಕಪ್ಪತಗುಡ್ಡ ಕೇಳುವ ಪ್ರಶ್ನೆ

ಗದಗ ಜಿಲ್ಲೆಯ ಕಪ್ಪತಗುಡ್ಡದ ಔಷಧಿ ಸಸ್ಯಗಳ ಕೀರ್ತಿ ನಮ್ಮ ಓದುಗರಿಗೆ ಹೊಸತಲ್ಲ. ಅದರ ಒಡಲಿನಲ್ಲಿ ಖನಿಜವಿರುವುದೇ ಅದಕ್ಕೆ ಕಂಟಕವಾಯಿತು. 2015ರಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರಕಾರವು 2016ರಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. ಆಗ ಗದುಗಿನ ತೋಂಟದಾರ್ಯ ಮಠದ ಲಿಂ. ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಜನರ ಮುಂದೆ ನಿಂತರು. 2017ರ ಫೆಬ್ರವರಿಯಲ್ಲಿ ಗದುಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಅದೇ ಏಪ್ರಿಲಿನಲ್ಲಿ ಘೋಷಣೆಯು ಮರಳಿ ಬಂದಿತು. ಪೂಜ್ಯರು 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದರು. 2019ರಲ್ಲಿ ಗುಡ್ಡದ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವು ವನ್ಯಜೀವಿ ಧಾಮವಾಯಿತು.

ಗುಡ್ಡ ಉಳಿದುದು ಸಂತೋಷದ ಸಂಗತಿ. ಆದರೆ ಗುಡ್ಡದ ಮಗ್ಗುಲಿನ ಹಳ್ಳಿಗಳ ಕುರಿಗಾಹಿಗಳೂ ಕಟ್ಟಿಗೆಯನ್ನು ಆರಿಸಿ ತರುವ ಹೆಣ್ಣುಮಕ್ಕಳೂ ಇದ್ದಾರಲ್ಲ, ಅವರಿಗೆ ಅಲ್ಲಿ ಏನು ಸ್ಥಾನ? ಗಣಿಯವನನ್ನು ಹೊರಗಿಡಲು ಹಾಕಿದ ಬೇಲಿಯು ಗುಡ್ಡವನ್ನು ಕಾಯ್ದವನನ್ನೇ ಹೊರಗಿಟ್ಟರೆ, ನಾಳೆ ಗುಡ್ಡಕ್ಕೆ ಬೆಂಕಿ ಬಿದ್ದಾಗ ಓಡಿ ಬರುವವರು ಯಾರು? ಕಾಡನ್ನು ಜನರಿಂದ ಕಾಪಾಡಬೇಕೋ ಜನರ ಮೂಲಕ ಕಾಪಾಡಬೇಕೋ ಎಂಬ ಪ್ರಶ್ನೆಗೆ ಹಳಕಾರವು ಎಂದೋ ಉತ್ತರ ಕೊಟ್ಟಿದೆ.

ನಮ್ಮ ಒಡ್ಡು ಎಲ್ಲಿಯವರೆಗೆ?

ಇಷ್ಟು ಹೇಳಿದ ಮೇಲೆ ನಮ್ಮ ಮೈಮೇಲಿನ ಧೂಳನ್ನೂ ಕೊಡವಿಕೊಳ್ಳುವುದು ನ್ಯಾಯ. ಗಾಯರಾಣವನ್ನು ಕಂಪನಿಗಳು ಮಾತ್ರ ನುಂಗಲಿಲ್ಲ. ಗಾಯರಾಣದ ಅಂಚಿನಲ್ಲಿ ಹೊಲವಿದ್ದವರು ವರ್ಷಕ್ಕೊಂದು ಸಾಲು ಮುಂದಕ್ಕೆ ನೇಗಿಲು ಹೊಡೆದು ಒಡ್ಡನ್ನು ಸರಿಸಿದ್ದುಂಟು. ಹೊಲವುಳ್ಳವರು, ಮಾತು ನಡೆಯುವವರು, ಪಂಚಾಯತಿಯಲ್ಲಿ ಕುರ್ಚಿಯುಳ್ಳವರು ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಅಂಥವರಲ್ಲಿ ನಮ್ಮ ಸಮಾಜದವರೂ ಇದ್ದಾರೆಂದು ಒಪ್ಪಿಕೊಳ್ಳಲು ನಾವು ಹಿಂಜರಿಯಬಾರದು. ಆಡು ಸಾಕಿದ ಬಡತಾಯಿಯ ಬಾಯಿಂದ ಇದಕ್ಕೆ ತಕರಾರು ಬರಲಾರದು, ಏಕೆಂದರೆ ಆಕೆ ನಾಳೆ ಕೂಲಿಗೆ ಬರಬೇಕಾದುದು ಅದೇ ಹೊಲಕ್ಕೆ.

2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಹಳ್ಳಿಯ ಕೆರೆಯ ಪ್ರಕರಣದಲ್ಲಿ ತೀರ್ಪು ಕೊಡುತ್ತ, ಊರಿನ ಸಾಮೂಹಿಕ ಭೂಮಿಯ ಅತಿಕ್ರಮಣವನ್ನು ತೆರವುಗೊಳಿಸಿ ಅದನ್ನು ಪಂಚಾಯತಿಗೆ ಮರಳಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಆದೇಶಿಸಿತು. ಕೋರ್ಟಿನ ನೋಟೀಸು ಬರುವ ಮೊದಲೇ ಒಡ್ಡನ್ನು ಹಿಂದಕ್ಕೆ ಸರಿಸುವವನು ಊರಿನ ಮಾನವನ್ನು ಉಳಿಸುತ್ತಾನೆ. ದಾಸೋಹವನ್ನು ಬಾಳಿನ ತತ್ತ್ವವೆಂದು ನಂಬಿದ ಮನೆತನಗಳಿಗೆ ಇದು ಹೊಸ ಬೋಧೆಯಲ್ಲ.

ಮಾಡಬಹುದಾದುದು

ಬೋಳಾದ ಗಾಯರಾಣವನ್ನು ಹಸಿರಾಗಿಸಲು ದೊಡ್ಡ ಹಣಕ್ಕಿಂತ ದೊಡ್ಡ ಒಗ್ಗಟ್ಟು ಬೇಕು. ಮೊದಲು ಗ್ರಾಮಸಭೆಯಲ್ಲಿ ಕುಳಿತು ನೆಲದ ಅಳತೆ ಮಾಡಿಸಿ ಎಲ್ಲೆಯನ್ನು ಗುರುತಿಸಬೇಕು. ಅನಂತರ ನೆಲವನ್ನು ಮೂರು ನಾಲ್ಕು ಪಾಲು ಮಾಡಿ, ಒಂದು ಪಾಲಿಗೆ ಎರಡು ಮೂರು ವರ್ಷ ದನ ಬಿಡದೆ, ಉಳಿದ ಪಾಲುಗಳಲ್ಲಿ ಮೇಯಿಸಬೇಕು. ಮುಚ್ಚಿದ ಪಾಲಿನ ಹುಲ್ಲನ್ನು ಕೊಯ್ದು ಹೊರಬಹುದು, ಆದರೆ ದನ ನುಗ್ಗಿಸಬಾರದು. ಇಳುಕಲಿಗೆ ಅಡ್ಡವಾಗಿ ಸಣ್ಣ ಕಾಲುವೆ ತೋಡಿ ನೀರು ಇಂಗಿಸಬೇಕು. ಈ ಕೆಲಸಕ್ಕೆ ಉದ್ಯೋಗ ಖಾತ್ರಿಯ ಕೂಲಿ ಬಳಕೆಯಾದ ಹಳ್ಳಿಗಳುಂಟು.

ಸಸಿ ಹಚ್ಚುವ ಮೊದಲು ನೆಲದಲ್ಲಿ ಏನಿದೆ ಎಂದು ನೋಡಬೇಕು. ಕಡಿದ ಬೊಡ್ಡೆಗಳು ಸತ್ತಿರುವುದಿಲ್ಲ. ಎರಡು ಮಳೆಗಾಲ ಕಾದರೆ ಬೇರು ತಾನಾಗಿ ಚಿಗುರುತ್ತದೆ. ಚಿಗುರದ ಜಾಗದಲ್ಲಿ ಬೇವು, ಹೊಂಗೆ, ಹುಣಸೆ, ನೇರಳೆ, ಮುತ್ತಲಗಳನ್ನು ಮೃಗಶಿರಾ ಮಳೆಗೆ ಹಚ್ಚಬೇಕು. ಸಸಿ ಹಚ್ಚಿ ಚಿತ್ರ ತೆಗೆಸಿಕೊಂಡು ಮರಳುವ ವನಮಹೋತ್ಸವ ಬಹಳ ಆಯಿತು. ಬೇಸಗೆಯಲ್ಲಿ ನೀರುಣಿಸಿ, ಬೆಂಕಿ ಬೀಳದಂತೆ ಕಾಯ್ದಾಗಲೇ ಆ ಉತ್ಸವ ಪೂರ್ಣವಾಗುವುದು. ಸಮಿತಿಯಲ್ಲಿ ಕಟ್ಟಿಗೆ ಹೊರುವ ಹೆಣ್ಣುಮಕ್ಕಳಿಗೂ ಕುರಿ ಕಾಯುವವರಿಗೂ ಸ್ಥಾನವಿರಬೇಕು. ಯಾವ ಪಾಲನ್ನು ಯಾವಾಗ ಮುಚ್ಚಬೇಕೆಂಬುದು ನಮಗಿಂತ ಅವರಿಗೇ ಚೆನ್ನಾಗಿ ತಿಳಿದಿದೆ. ಮುಚ್ಚಿದ್ದರ ಕಷ್ಟವೂ ಮೊದಲು ತಟ್ಟುವುದು ಅವರಿಗೇ.

ಮುಂದಿನ ಗ್ರಾಮಸಭೆಯ ಡಂಗುರ ಕೇಳಿದಾಗ ನಮ್ಮ ಓದುಗ ಬಂಧುಗಳು ಮನೆಯಲ್ಲಿ ಕೂಡದಿರಲಿ. ತಾಯಂದಿರನ್ನೂ ಜೊತೆಗೆ ಕರೆದೊಯ್ಯಲಿ. ನಮ್ಮೂರ ಗಾಯರಾಣ ಎಷ್ಟು ಎಕರೆ ಇತ್ತು, ಈಗ ಎಷ್ಟು ಉಳಿದಿದೆ ಎಂದು ಎದ್ದುನಿಂತು ಕೇಳಲಿ. ಉತ್ತರ ನಮ್ಮದೇ ಒಡ್ಡಿನ ಕಡೆಗೆ ಬೆರಳು ತೋರಿದರೆ, ಅದನ್ನು ಹಿಂದಕ್ಕೆ ಸರಿಸುವ ಮೊದಲ ಕೈ ನಮ್ಮದಾಗಲಿ.