ಕಪ್ಪು ಬಿಲ್ಲೆಯ ಹಿಂದಿನ ಮೂರು ದಶಕ

1987ರ ಮೊದಲ ತಿಂಗಳುಗಳಲ್ಲಿ ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಒಂದೇ ಪುಡಿಯ ಬೆನ್ನು ಹತ್ತಿದ್ದವು. ಇಟ್ರಿಯಂ, ಬೇರಿಯಂ, ತಾಮ್ರಗಳ ಆ ಆಕ್ಸೈಡನ್ನು ದ್ರವ ಸಾರಜನಕದಲ್ಲಿ ತಣಿಸಿದರೆ ಸಾಕು, ವಿದ್ಯುತ್ತು ಎಳ್ಳಷ್ಟೂ ತಡೆಯಿಲ್ಲದೆ ಹರಿಯುತ್ತಿತ್ತು. ಅಮೆರಿಕದಲ್ಲಿ ಮೊದಲು ಸಿಕ್ಕ ಮಾದರಿಯಾದರೋ ಹಸಿರು, ಕಪ್ಪು ಕಣಗಳ ಬೆರಕೆ. ಇವುಗಳಲ್ಲಿ ಅತಿವಾಹಕ ಯಾವುದು? ಕಪ್ಪು ಕಣ, ಅದರಲ್ಲಿ ಲೋಹಗಳ ಪ್ರಮಾಣ 1:2:3 ಎಂದು ಬಿಡಿಸಿ ಹೇಳಿದ ತಂಡಗಳಲ್ಲಿ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರದೂ ಒಂದು. ಆ ಏಪ್ರಿಲ್‌ನಲ್ಲೇ ‘ನೇಚರ್’ ಪತ್ರಿಕೆ ಅವರ ಲೇಖನವನ್ನು ಪ್ರಕಟಿಸಿತು.

ಇದು ರಾತ್ರಿ ಬೆಳಗಾಗುವುದರೊಳಗೆ ಒಲಿದದ್ದಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾವ್ 17ಕ್ಕೇ ಬಿ.ಎಸ್ಸಿ. ಮುಗಿಸಿ, ಬನಾರಸ್‌ನಲ್ಲಿ ಎಂ.ಎಸ್ಸಿ., ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್.ಡಿ. ಮಾಡಿ, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಮುಂದೆ ಕಾನ್ಪುರ ಐಐಟಿ. 1976ರಲ್ಲಿ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸತೀಶ್ ಧವನ್ ಕರೆದ ಮೇಲೆ ಮತ್ತೆ ಬೆಂಗಳೂರು. ಲೋಹದ ಆಕ್ಸೈಡುಗಳ ಕಡೆ ಹೆಚ್ಚು ಜನ ತಿರುಗಿ ನೋಡದಿದ್ದ ಕಾಲದಲ್ಲಿ ಅವರು ಅವನ್ನೇ ಹಿಡಿದು ಕೂತರು. ಲ್ಯಾಂಥನಂ-ತಾಮ್ರದ ಆಕ್ಸೈಡನ್ನು ಅವರು ಮತ್ತು ಅವರ ಸಹೋದ್ಯೋಗಿ ಪಿ. ಗಂಗೂಲಿ 1970ರ ದಶಕದಲ್ಲೇ ಪರೀಕ್ಷಿಸಿದ್ದರು. ಅದೇ ವಸ್ತುವಿಗೆ ಬೇರಿಯಂ ಬೆರೆಸಿ, ಇನ್ನೂ ತಣ್ಣಗೆ ಮಾಡಿ ನೋಡಿದ ಬೆಡ್ನೋರ್ಜ್ ಮತ್ತು ಮ್ಯುಲರ್ ಅವರಿಗೆ 1987ರ ನೊಬೆಲ್ ಬಂತು. ಇದನ್ನು ಓದುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಆ ಹಳೆಯ ದುಡಿಮೆಯೇ ಇಲ್ಲದಿದ್ದರೆ ಅಮೆರಿಕದ ಆ ಮಾದರಿಯ ಸುದ್ದಿ ಬಂದ ಕೆಲವೇ ವಾರಗಳಲ್ಲಿ ಬೆಂಗಳೂರು ಉತ್ತರ ಕೊಡುತ್ತಿರಲಿಲ್ಲ.

2014ರಲ್ಲಿ ಭಾರತ ರತ್ನ ಬಂದಾಗ ಪತ್ರಿಕೆಗಳಲ್ಲಿ ಪ್ರಶಸ್ತಿಗಳ ಪಟ್ಟಿಯೇ ತುಂಬಿತ್ತು. ಆದರೆ ನಮ್ಮ ಮಕ್ಕಳಿಗೆ ತೋರಿಸಬೇಕಾದದ್ದು ಆ ಕಪ್ಪು ಆಕ್ಸೈಡನ್ನು ಮಾಡುವ ಕೆಲಸದ ರೀತಿ. ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ತಾಮ್ರದ ಆಕ್ಸೈಡುಗಳನ್ನು ತೂಗಿ, ಅಗೇಟ್ ಕಲ್ಲಿನ ಕುಟ್ಟಾಣಿಯಲ್ಲಿ ನುಣ್ಣಗೆ ಅರೆಯಬೇಕು. ಸುಮಾರು 950 ಡಿಗ್ರಿ ಕುಲುಮೆಯಲ್ಲಿ ಗಂಟೆಗಟ್ಟಲೆ ಸುಟ್ಟು, ತೆಗೆದು, ಮತ್ತೆ ಅರೆದು, ಬಿಲ್ಲೆ ಒತ್ತಿ, ಮತ್ತೆ ಸುಡಬೇಕು. ಕೊನೆಗೆ ಆಮ್ಲಜನಕ ಹಾಯಿಸುತ್ತ ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಬಿಲ್ಲೆಯೊಳಗೆ ಆಮ್ಲಜನಕ ಸಾಲದೆ ಅತಿವಾಹಕತೆಯೇ ಹೋಗುತ್ತದೆ.

ಹುಬ್ಬಳ್ಳಿ-ಧಾರವಾಡದ ನಡುವಿನ ರಾಯಾಪುರದಲ್ಲಿ ಚಿಗರಿ ಬಸ್ ಹತ್ತಿ ಧಾರವಾಡದ ಕಾಲೇಜುಗಳಿಗೆ ಹೋಗುವ ಬಿ.ಎಸ್ಸಿ. ಹುಡುಗ ಹುಡುಗಿಯರಿಗೂ ಇದು ಎಟುಕುವ ಪ್ರಯೋಗ. ಬಿಲ್ಲೆ ತಣಿಸಲು ಬೇಕಾದ ದ್ರವವೂ ಅಪರೂಪದ್ದಲ್ಲ: ದನಗಳ ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳನ್ನು ಕಾಪಾಡಲು ಬಳಸುವುದೂ ಮೈನಸ್ 196 ಡಿಗ್ರಿಯ ಅದೇ ದ್ರವ ಸಾರಜನಕವನ್ನೇ. ಬೇರಿಯಂ ಕಾರ್ಬೊನೇಟ್ ವಿಷ. ಹಾಗಾಗಿ ಮೇಷ್ಟ್ರು ಪಕ್ಕದಲ್ಲೇ ಇರಬೇಕು. ಬಿಲ್ಲೆ ಹಸಿರಾಗಿ ಬಂದರೆ ಬೇಸರಪಡದೆ ಇನ್ನೊಮ್ಮೆ ಅರೆಯಲು ಕೂರಿಸಬೇಕು.