ಕಡಲ ಕೊರೆತ, ಗುಡ್ಡ ಕುಸಿತ: ಒಂದು ವಿವೇಚನೆ

ಪರಊರಿನಲ್ಲಿ ದುಡಿದು, ನಿವೃತ್ತಿಯ ನಂತರ ತಾಯ್ನೆಲದಲ್ಲೊಂದು ಮನೆ ಕಟ್ಟಿಸಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ಕೆಲವರಿಗೆ ಅದು ಕಡಲ ದಂಡೆಯಲ್ಲಿರಬೇಕು. ಕೆಲವರಿಗೆ ಗುಡ್ಡದ ಮಗ್ಗುಲಲ್ಲಿ. ಸಾಲದ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ವೃತ್ತಿ. ಹಕ್ಕುಪತ್ರ, ನಕ್ಷೆ, ಅಂದಾಜುಪಟ್ಟಿಗಳನ್ನು ಕೂಲಂಕಷವಾಗಿ ನೋಡುವ ನಾವು, ಆ ನೆಲದ ಪೂರ್ವಚರಿತ್ರೆಯನ್ನು ಕೇಳುವುದು ಅಪರೂಪ. ಆದುದರಿಂದ ಈ ಲೇಖನ.

ಮರಳಿನ ದಂಡೆಯನ್ನು ಚಾಲ್ತಿ ಖಾತೆಗೆ ಹೋಲಿಸಬಹುದು. ಘಟ್ಟದಿಂದ ನದಿಗಳು ಹೊತ್ತು ತರುವ ಮರಳು ಜಮೆ. ಮಳೆಗಾಲದ ಅಲೆಗಳು ಸೆಳೆದೊಯ್ಯುವುದು ಖರ್ಚು. ಹೀಗೆ ಒಯ್ದುದರಲ್ಲಿ ಬಹುಭಾಗವನ್ನು ಮಳೆಗಾಲ ಕಳೆದ ಮೇಲೆ ಶಾಂತವಾದ ಅಲೆಗಳು ಮರಳಿ ತಂದೊಪ್ಪಿಸುತ್ತವೆ. ನದಿಗೆ ಅಣೆಕಟ್ಟು ಬಂದು, ಮರಳು ಲಾರಿಗಳಲ್ಲಿ ಸಾಗಿಹೋದರೆ ಜಮೆ ಕುಗ್ಗುತ್ತದೆ. ಕಡಲಿನೊಳಕ್ಕೆ ತಡೆಗೋಡೆ ಚಾಚಿದರೆ, ದಂಡೆಗುಂಟ ಹರಿಯುವ ಮರಳು ಅದರ ಒಂದು ಪಕ್ಕದಲ್ಲಿ ಶೇಖರವಾಗಿ ಮತ್ತೊಂದು ಪಕ್ಕ ಬರಿದಾಗುತ್ತದೆ. ಚೆನ್ನೈ ಬಂದರಿನ ದಕ್ಷಿಣಕ್ಕೆ ಮರೀನಾ ವಿಶಾಲವಾಗಿ ಬೆಳೆದುದೂ, ಉತ್ತರದ ರಾಯಪುರಂ ಕೊರೆತಕ್ಕೆ ತುತ್ತಾದುದೂ ಇದೇ ಕಾರಣದಿಂದ. ನಮ್ಮ ಉಳ್ಳಾಲದಲ್ಲಿ ಮನೆಗಳೂ ತೆಂಗಿನ ತೋಟಗಳೂ ಕಡಲ ಪಾಲಾದುದನ್ನು ಕರಾವಳಿಯವರು ಬಲ್ಲರು. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಅಭ್ಯಸಿಸಿದ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು, ದೇಶದ ತೀರದ ಸುಮಾರು ಮೂರನೆಯ ಒಂದು ಭಾಗ ಸವೆಯುತ್ತಿದೆಯೆಂದು ಕಂಡುಕೊಂಡಿದೆ.

ಇನ್ನು ಗುಡ್ಡದ ವಿಚಾರ. ಕರಾವಳಿಯ ಅನೇಕ ಗುಡ್ಡಗಳಲ್ಲಿ ಮೇಲೆ ಮುರಕಲ್ಲು, ಅದರ ಕೆಳಗೆ ನುಣುಪಾದ ಶೇಡಿ ಮಣ್ಣು. ಮುರಕಲ್ಲಿನ ರಂಧ್ರಗಳಲ್ಲಿ ಇಳಿದ ಮಳೆನೀರು ಶೇಡಿಯನ್ನು ತೋಯಿಸಿದಾಗ ಅದರ ಬಿಗಿ ಸಡಿಲುತ್ತದೆ. ರಸ್ತೆಗೋ ಮನೆಯಂಗಳಕ್ಕೋ ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರೆ, ಮೇಲಿನ ಭಾರಕ್ಕೆ ಆಧಾರವೇ ಇಲ್ಲದಂತಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ಮಣ್ಣು ಗಂಗಾವಳಿ ನದಿಗೆ ನುಗ್ಗಿತು. ಚಿಮ್ಮಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಅಪ್ಪಳಿಸಿತು. ಪುಣೆ ಜಿಲ್ಲೆಯ ಮಾಳೀಣ್ ಗ್ರಾಮದಲ್ಲಿ 2014ರ ಜುಲೈ 30ರಂದು 150ಕ್ಕೂ ಹೆಚ್ಚು ಜನ ಮಣ್ಣಿನಡಿ ಪ್ರಾಣ ಕಳೆದುಕೊಂಡರು.

ದೇಶದ ಸುಮಾರು 4.2 ಲಕ್ಷ ಚದರ ಕಿಲೋಮೀಟರ್ ಪ್ರದೇಶ ಭೂಕುಸಿತಕ್ಕೆ ಈಡಾಗಬಲ್ಲುದೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಗುರುತಿಸಿ, ನಕ್ಷೆಗಳನ್ನು ಸಿದ್ಧಪಡಿಸಿದೆ. ನಿವೇಶನ ಕೊಳ್ಳುವ ಮೊದಲು ಅವುಗಳನ್ನು ನೋಡಬಹುದು. ಕಡಲ ಬದಿಯಾದರೆ ಕರಾವಳಿ ನಿಯಂತ್ರಣ ವಲಯದ ಗೆರೆ ಎಲ್ಲಿ ಹಾದುಹೋಗುವುದೆಂದು ವಿಚಾರಿಸಬೇಕು. ನಲವತ್ತು ವರ್ಷಗಳ ಹಿಂದೆ ನೀರು ಎಲ್ಲಿತ್ತೆಂದು ನೆರೆಯ ಹಿರಿಯರನ್ನು ಕೇಳಬೇಕು. ಗುಡ್ಡವಾದರೆ ಬುಡವನ್ನು ಕಡಿಯಬಾರದು. ಮಳೆನೀರು ಇಂಗದೆ ಹರಿದುಹೋಗಲು ಚರಂಡಿಯಿರಬೇಕು.

ಊರಿನಲ್ಲಿ ತಂದೆತಾಯಿಯರಿರುವವರು ಮಳೆಗಾಲದಲ್ಲಿ ದೂರವಾಣಿಯಲ್ಲಿ ಯೋಗಕ್ಷೇಮದೊಂದಿಗೆ ಇದನ್ನೂ ವಿಚಾರಿಸಲಿ: ಗುಡ್ಡದಲ್ಲಿ ಹೊಸ ಬಿರುಕು ಕಂಡಿದೆಯೆ? ಮರ, ಕಂಬಗಳು ವಾಲಿವೆಯೆ? ಇದ್ದಕ್ಕಿದ್ದಂತೆ ಕೆಸರುನೀರಿನ ಒರತೆ ಎದ್ದಿದೆಯೆ? ಹೌದೆಂದು ಉತ್ತರ ಬಂದರೆ ಆ ರಾತ್ರಿ ಅವರು ಅಲ್ಲಿ ಮಲಗಬಾರದು. ಮನೆಯನ್ನು ಮತ್ತೆ ಕಟ್ಟಿಸಬಹುದು. ಹಿರಿಯರನ್ನು ಮರಳಿ ತರಲಾಗದು.